ಗಿರಣಿಮನೆಯ ಕೈಮಾತು

ಕಡೂನಾ
4 ಅಕ್ಟೋಬರ್ 1987

ಈಯಾ ಅಸಾಬಿಯವರಿಗೆ, ನಿಮ್ಮ ಸೊಸೆ ಅವೆರೊ ಇಲ್ಲಿಂದಲೇ ಮೊಣಕಾಲೂರಿ ಮಾಡುವ ನಮಸ್ಕಾರ.

ಮೈ ಹೇಗಿದೆ? ಒಲೆ ಹೇಗಿದೆ? ಈ ಸಲ ಸುಟ್ಟ ಮಡಕೆಗಳು ಒಡೆಯದೆ ಬಂದವೆ? ಪತ್ರ ಓದಿ ಹೇಳುವ ಮಸೀದಿಯ ಗುರು ಅಲ್ಫಾ ಜಿಮೊ ಅವರಿಗೂ ನಮಸ್ಕಾರ. ಅಲ್ಫಾ, ದಯವಿಟ್ಟು ನಿಧಾನವಾಗಿ ಓದಿ. ನೀವು ಓಡಿಸಿಕೊಂಡು ಓದಿದರೆ ಈಯಾಗೆ ಸಿಟ್ಟು ಬರುತ್ತದೆ, ಆ ಸಿಟ್ಟು ಕೊನೆಗೆ ನನ್ನ ಮೇಲೇ ಇಳಿಯುತ್ತದೆ.

ಕೆಲಸ ಸಿಕ್ಕಿತು. ನೀರು ಸೋಸುವ ಫಿಲ್ಟರ್ ಕ್ಯಾಂಡಲ್‌ಗಳನ್ನೂ ವಿದ್ಯುತ್ ಕಂಬದ ಪಿಂಗಾಣಿ ಬಟ್ಟಲುಗಳನ್ನೂ ಮಾಡುವ ಫ್ಯಾಕ್ಟರಿ. ನನ್ನನ್ನು ರಾಡಿಯ ಟ್ಯಾಂಕಿಗೆ ಹಾಕಿದ್ದಾರೆ. ನಗಬೇಡಿ ಈಯಾ, ಇಲ್ಲಿ ರಾಡಿಯೇ ದೊಡ್ಡ ವಿದ್ಯೆ. ಬಿಳಿ ಮಣ್ಣು, ಕಲ್ಲಿನ ಹುಡಿ, ನೀರು ಸೇರಿಸಿ ಗಿರಣಿಯಲ್ಲಿ ಅರೆಯುತ್ತಾರೆ. ಬಂದ ರಾಡಿಯನ್ನು ಪ್ಲಾಸ್ಟರ್ ಅಚ್ಚಿಗೆ ಹೊಯ್ದರೆ ಅಚ್ಚು ನೀರು ಹೀರಿಕೊಂಡು ಒಳಗೋಡೆಗೆ ಕ್ಯಾಂಡಲ್ ಕಟ್ಟುತ್ತದೆ. ಕಷ್ಟ ಎಲ್ಲಿದೆ ಅಂದರೆ, ರಾಡಿಯಲ್ಲಿ ಮಣ್ಣು ತುಂಬಾ ಇರಬೇಕು, ನೀರು ಕಡಿಮೆ ಇರಬೇಕು, ಆದರೂ ಅದು ಹಾಲಿನ ಕೆನೆಯ ಹಾಗೆ ಹರಿಯಬೇಕು. ಅದಕ್ಕೆ ಗಾಜುನೀರು ಎಂಬ ದ್ರವದ ಕೆಲವೇ ಹನಿ ಬಿಡುತ್ತೇವೆ. ಬಿಟ್ಟ ಕೂಡಲೇ ಮಣ್ಣಿನ ಕಣಗಳು ಒಂದನ್ನೊಂದು ದೂರ ತಳ್ಳಿ ದಾರಿ ಬಿಡುತ್ತವೆ, ಗಟ್ಟಿಯಾಗಿದ್ದ ರಾಡಿ ಕಣ್ಣೆದುರೇ ತೆಳ್ಳಗಾಗುತ್ತದೆ. ಆಸೆಗೆ ಇನ್ನಷ್ಟು ಹನಿ ಬಿಟ್ಟಿರೋ, ಮತ್ತೆ ಹೆಪ್ಪುಗಟ್ಟುತ್ತದೆ.

ನಮ್ಮ ಮೇಸ್ತ್ರಿ ಮಲ್ಲಂ ತಾಂಕೊ ಹೇಳಿದರು: “ಒಣಗಾಲ ಪೂರ್ತಿ ಈ ರಾಡಿ ಕೆಡದ ಹಾಗೆ ನೋಡ್ಕೋ. ಕೆಲ್ಸ ಖಾಯಂ ಮಾಡಿಸ್ತೀನಿ. ಕಾಂಪೌಂಡಿನ ಒಳಗೇ ಒಂದು ಕೋಣೆ ಸಿಗುತ್ತೆ.” ಕೋಣೆ ಸಿಕ್ಕಿದ ದಿನ ಬಂದು ಮಗಳು ಅಬೆನಿಯನ್ನು ಕರೆದುಕೊಂಡು ಹೋಗುತ್ತೇನೆ. ನಿಮ್ಮ ಮಗ ಲಾರಿಯ ಕೆಳಗೆ ಹೋದ ಮೇಲೆ ನನಗೆ ಉಳಿದಿರುವುದು ಅವಳೊಬ್ಬಳೇ. ಬೇರೆ ಏನೂ ಬೇಡ ನನಗೆ.

ಇನ್ನು ಮುಂದಿನದು ಅಬೆನಿಗೆ. ಅಲ್ಫಾ, ಅವಳನ್ನು ಹತ್ತಿರ ಕೂರಿಸಿಕೊಂಡು ಓದಿ.

ಅಬೆನಿ, ನನ್ನ ಕೋಳಿಮರಿ, ಇಲ್ಲಿ ಗಿರಣಿಮನೆ ಅಂತ ಒಂದಿದೆ. ದೊಡ್ಡ ದೊಡ್ಡ ಪೀಪಾಯಿಗಳು, ಒಳಗೆ ಕಲ್ಲುಗುಂಡುಗಳು, ಇಡೀ ದಿನ ಗಡಗಡ ಉರುಳುತ್ತಲೇ ಇರುತ್ತವೆ. ಕಿರುಚಿದರೂ ಪಕ್ಕದವರಿಗೆ ಕೇಳುವುದಿಲ್ಲ. ಅದಕ್ಕೇ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಅಂಗೈಯಿಂದ ಎದೆಗೆ ಎರಡು ಸಲ ತಟ್ಟಿದರೆ, “ನನ್ನ ಹತ್ತಿರ ತಾ.” ಆಚೆಯವರು ತಲೆಯ ಮೇಲೆ ಮುಷ್ಟಿ ಎತ್ತಿದರೆ, “ತರ್ತಿದ್ದೀನಿ, ತಡಿ.” ಮುಷ್ಟಿ ಎತ್ತಿದವರು ತಂದೇ ತರಬೇಕು, ಅದು ಗಿರಣಿಮನೆಯ ಕಾನೂನು. ನೀನು ಅಜ್ಜಿಯ ಜೊತೆ ಅಭ್ಯಾಸ ಮಾಡಿಕೊಂಡಿರು.

ನಿಮ್ಮ ಅವೆರೊ

*

ಓಕೆ-ಅಮೊ
1 ನವೆಂಬರ್ 1987

ಅವೆರೊ,

ಬರಿ ಅಲ್ಫಾ. ಮೊದ್ಲು ಇದನ್ನ ಬರಿ: ನಾನು ಬದುಕಿದೀನಿ, ಒಲೆ ಉರೀತಿದೆ. ಮಡಕೆ ಒಡೀತಾ ಅಂತ ಕೇಳ್ತಾಳಲ್ಲ, ಅಸಾಬಿ ಸುಟ್ಟ ಮಡಕೆ ಯಾವತ್ತು ಒಡೆದಿತ್ತು? ಕೇಳೋ ಮಾತಾ ಇದು!

ಅದೆಂಥ ವಿದ್ಯೆ ಕಲಿಸ್ಬಿಟ್ಟೆ ಮಾರಾಯ್ತಿ ಈ ಮಗೂಗೆ? ಬೆಳಗಾದ್ರೆ ಎದೆ ತಟ್ಕೊಂಡು ನಿಂತ್ಕೊಳ್ತಾಳೆ. ಗಂಜಿ ಬೇಕಾದ್ರೆ ಬಾಯಿ ಬಿಟ್ಟು ಕೇಳಲ್ಲ, ತಟ್ಟೋದು. ನಾನು ಮುಷ್ಟಿ ಎತ್ತೋವರೆಗೂ ಬಿಡಲ್ಲ. ಮುಷ್ಟಿ ಸಡಿಲ ಇದ್ರೆ ಒಪ್ಪಲ್ಲ ಬೇರೆ, “ಗಟ್ಟಿಯಾಗಿ ಹಿಡಿ ಅಜ್ಜಿ, ಹಂಗಾದ್ರೆ ನೀನು ತರಲ್ಲ” ಅಂತಾಳೆ. ಮೊನ್ನೆ ಅಲ್ಫಾನ್ನ ಬಾಗಿಲಲ್ಲೇ ನಿಲ್ಸಿ ಎದೆ ತಟ್ಟಿದ್ಲು, ಆ ಪುಣ್ಯಾತ್ಮ ಕೈಯಲ್ಲಿದ್ದ ಕೊಡೆ ಸಮೇತ ಮುಷ್ಟಿ ಎತ್ತಿದ. ಊರೆಲ್ಲ ನಕ್ತು. ನಿನ್ನ ಕಾಗದದಲ್ಲಿ ಆ ಭಾಗಾನ ಮತ್ತೆ ಮತ್ತೆ ಓದಿಸ್ಕೊಂಡಿದಾಳೆ, ಈಗ ಅವಳಿಗೆ ಬಾಯಿಪಾಠ.

ಈಗ ನನ್ ಮಾತು ಕೇಳು. ಆ ಬಿಳಿ ಮಣ್ಣಿಗೆ ಉಣಿಸಿದ್ಯಾ? ಹೊಸ ಮಣ್ಣು ಮುಟ್ಟೋ ಮುಂಚೆ ಓಗಿ ಗಂಜಿಯ ಹುಳಿನೀರು ಹೊಯ್ಯಬೇಕು, ಆಮೇಲೇ ಕೈ ಹಾಕ್ಬೇಕು. ನಮ್ಮತ್ತೆ ಹಾಗೇ ಮಾಡಿದ್ರು, ಅವರತ್ತೇನೂ ಹಾಗೇ ಮಾಡಿದ್ರು. ಉಣ್ಣದ ಮಣ್ಣು ಮಡಕೇಲಿ ಸೇಡು ತೀರಿಸ್ಕೊಳಲ್ಲ, ಮುಟ್ಟಿದವಳ ಮಗೂನ ಹಿಡಿಯುತ್ತೆ. ಫ್ಯಾಕ್ಟರಿ ಮಣ್ಣಾದ್ರೇನು, ಹೊಟ್ಟೆ ಇಲ್ವಾ ಅದಕ್ಕೆ?

ಇನ್ನು ಅಬೆನೀನ ಕರ್ಕೊಂಡು ಹೋಗ್ತೀನಿ ಅಂತ ಬರ್ದಿದೀಯಲ್ಲ, ಅದಕ್ಕೆ ನಾನೇನೂ ಹೇಳಲ್ಲ. ನನ್ನ ಮಗನ ಮಗಳು. ಈ ಮನೇಲಿ ಹುಟ್ಟಿದವಳು. ಲಾರಿ ಓಡಾಡೋ ಕಾಂಪೌಂಡಲ್ಲಿ ಬೆಳೀಬೇಕಾ ಅವಳು? ಏನೂ ಹೇಳಲ್ಲ ಅಂದೆ, ಅಷ್ಟೆ.

ಅಸಾಬಿ

ಅಲ್ಫಾ ಜಿಮೊನ ಸೇರ್ಪಡೆ: ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಮಣ್ಣಿಗೆ ಉಣಿಸುವ ಮಾತನ್ನು ಬರೆಯಲು ನನಗೆ ಮನಸ್ಸಿರಲಿಲ್ಲ. ಆದರೆ ಆಕೆ ಮಡಕೆ ಬಡಿಯುವ ಹಲಗೆ ಹಿಡಿದು ಪಕ್ಕದಲ್ಲೇ ಕೂತಿದ್ದಾಳೆ. ದೇವರು ನಮ್ಮಿಬ್ಬರನ್ನೂ ಕ್ಷಮಿಸಲಿ.

*

ಕಡೂನಾ
6 ಡಿಸೆಂಬರ್ 1987

ಈಯಾ, ನಮಸ್ಕಾರ.

ಕೊಡೆ ಎತ್ತಿದ ಅಲ್ಫಾ ಅವರ ಕಥೆಯನ್ನು ಗಿರಣಿಮನೆಯಲ್ಲಿ ಕೈಯಲ್ಲೇ ಅಭಿನಯಿಸಿ ತೋರಿಸಿದೆ. ನನ್ನ ಜೊತೆಗಾತಿ ಲಾರಾಬಾ ನಕ್ಕು ನಕ್ಕು ಟ್ಯಾಂಕಿಗೆ ಬೀಳುವುದರಲ್ಲಿದ್ದಳು. ಅವಳು ಹುಡುಗಿಯಾಗಿದ್ದಾಗಿನಿಂದ ಗಿರಣಿಯ ಪಕ್ಕ ನಿಂತವಳು, ಕಿವಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿದೆ. ಊಟದ ಹೊತ್ತಿನಲ್ಲೂ ಕೈಯಲ್ಲೇ ಹರಟೆ ಹೊಡೆಯುತ್ತಾಳೆ. ಮಲ್ಲಂ ನಡೆಯುವ ರೀತಿಯನ್ನು ಅವಳು ಎರಡು ಬೆರಳಲ್ಲಿ ಮಾಡಿ ತೋರಿಸಿದರೆ ಅನ್ನ ಮೂಗಿಗೆ ಹತ್ತುತ್ತದೆ.

ಉಣಿಸುವ ಮಾತು ಮಾತ್ರ ಆಗದು ಈಯಾ. ಹುಳಿ ಅಂದರೆ ಈ ರಾಡಿಗೆ ವಿಷ. ಗಾಜುನೀರು ದೂರ ತಳ್ಳಿದ ಕಣಗಳನ್ನೆಲ್ಲ ಹುಳಿ ಮತ್ತೆ ಒಂದಕ್ಕೊಂದು ಅಂಟಿಸಿಬಿಡುತ್ತದೆ. ನಿಮ್ಮ ಮಣ್ಣಿಗೆ ಅದು ಒಳ್ಳೆಯದು, ನೀವು ಕೈಯಲ್ಲಿ ತಟ್ಟಿ ಏರಿಸುವವರು, ಅಂಟಬೇಕು, ಹೇಳಿದಂತೆ ನಿಲ್ಲಬೇಕು. ನನ್ನದು ಹರಿಯಬೇಕು. ಮಲ್ಲಂಗೆ ಗೊತ್ತಾದರೆ ನನ್ನನ್ನೇ ಟ್ಯಾಂಕಿಗೆ ಉಣಿಸುತ್ತಾರೆ.

ರಾಡಿ ಚೆನ್ನಾಗಿದೆ. ಒಣಗಾಳಿ ಶುರುವಾಗಿದೆ, ತುಟಿ ಒಡೆದಿದೆ, ಟ್ಯಾಂಕಿನ ಮೇಲೆ ಒದ್ದೆ ಗೋಣಿ ಹೊದಿಸಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೇನೆ. ಇನ್ನು ಕೆಲವೇ ತಿಂಗಳು. ಅಬೆನಿಗೆ ಮುಂದಿನ ಹಲ್ಲು ಬಿತ್ತೆ? ಬಿದ್ದರೆ ಎಸೆಯಬೇಡಿ, ನನಗೆ ನೋಡಬೇಕು.

ಅವೆರೊ

*

ಓಕೆ-ಅಮೊ
24 ಜನವರಿ 1988

ಅವೆರೊ,

ಮಗೂಗೆ ಜ್ವರ. ಊರಲ್ಲಿ ಇನ್ನೂ ಕೆಲವು ಮಕ್ಕಳಿಗೆ ಬಂದಿದೆ. ಮೈ ಕೆಂಡ. ಕತ್ತು ಬಗ್ಗಿಸೋಕೆ ಆಗ್ತಿಲ್ಲ, ಬೆಳಕು ಕಂಡ್ರೆ ಚೀರ್ತಾಳೆ.

ನಾನು ಬೇಡ್ಕೊಂಡಿದ್ದೆ ನಿನ್ನ. ಉಣಿಸು ಅಂದೆ. ನೀನು ವಿಷ ಅಂತ ಬರ್ದೆ. ಮಣ್ಣಿನ ಅನ್ನಾನ ವಿಷ ಅಂದವಳು ನೀನು! ಈಗ ನೋಡು. ನಾನು ದಬಾಯಿಸ್ತಿಲ್ಲ ಕಣೆ, ಕಾಲಿಗೆ ಬೀಳ್ತೀನಿ ಅಂದ್ಕೋ. ಒಂದು ಬಟ್ಟಲು. ಒಂದೇ ಬಟ್ಟಲು ಹುಳಿನೀರು ಹೊಯ್ದುಬಿಡು. ನಿನ್ನ ಕೈಯಿಂದಲೇ ಆಗ್ಬೇಕು, ಬೇರೆಯವರು ಹೊಯ್ದ್ರೆ ಆಗಲ್ಲ.

ಅಸಾಬಿ

ಸೇರ್ಪಡೆ: ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಸೂಜಿ ಹಾಕುತ್ತಿದ್ದಾರೆ. ಹೆಚ್ಚು ಬರೆಯಬೇಡವೆಂದು ಆಕೆಯ ಅಪ್ಪಣೆ. ಪ್ರಾರ್ಥನೆ ಮಾಡು. ಜಿಮೊ.

*

ಕಡೂನಾ
9 ಫೆಬ್ರವರಿ 1988

ಈಯಾ,

ನಿಮ್ಮ ಪತ್ರ ಹಿಡಿದುಕೊಂಡೇ ಮಲ್ಲಂ ಹತ್ತಿರ ಓಡಿದೆ. ರಜೆ ಕೇಳಿದೆ. ಖಾಯಂ ಆಗದವರಿಗೆ ರಜೆಯಿಲ್ಲ, ಹೋದರೆ ಹೋದ ಹಾಗೇ ಅಂದರು. ಹೊರಟೇಬಿಡೋಣವೆಂದು ಚೀಲ ಕಟ್ಟಿದೆ. ಮತ್ತೆ ಬಿಚ್ಚಿದೆ. ಈಗ ಹೋದರೆ ಅವಳನ್ನು ಇಲ್ಲಿಗೆ ಕರೆತರುವ ದಾರಿಯೇ ಮುಚ್ಚಿಹೋಗುತ್ತದಲ್ಲ ಎಂದುಕೊಂಡೆ. ತಾಯಿ ಹೀಗೆಲ್ಲ ಲೆಕ್ಕ ಹಾಕಬಹುದೆ? ಹಾಕಿದೆ.

ಆಮೇಲೆ ಉಣಿಸಿದೆ.

ಗೇಟಿನ ಹತ್ತಿರ ಗಂಜಿ ಮಾರುವವಳಿದ್ದಾಳೆ. ನಮ್ಮ ಓಗಿಯನ್ನು ಇಲ್ಲಿ ಕೊಕೊ ಅನ್ನುತ್ತಾರೆ, ಹುಳಿ ಅದೇ. ತಿಳಿನೀರು ಕೇಳಿ ತಂದೆ. ಬಟ್ಟಲಲ್ಲಲ್ಲ, ಬಕೆಟ್ಟಿನಲ್ಲಿ. ಒಂದು ಬಟ್ಟಲು ಅಷ್ಟು ದೊಡ್ಡ ಟ್ಯಾಂಕಿನ ಹೊಟ್ಟೆಗೆ ಸಾಲದೆ ಹೋದರೆ ಎಂದು ಹೆದರಿಕೆಯಾಯಿತು. ಎಲ್ಲರೂ ಊಟಕ್ಕೆ ಹೋದಾಗ ಟ್ಯಾಂಕಿನ ಮುಂದೆ ಮೊಣಕಾಲೂರಿ, ಅವಳ ಹೆಸರು ಹೇಳಿ, ಹೊಯ್ದೆ. ಏನಾಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಯ್ದೆ.

ಊಟ ಮುಗಿಸಿ ಬರುವಷ್ಟರಲ್ಲಿ ಟ್ಯಾಂಕು ಮೊಸರಾಗಿತ್ತು. ಕೋಲು ನಿಲ್ಲಿಸಿದರೆ ನಿಲ್ಲುತ್ತಿತ್ತು. ಗಾಜುನೀರು ಸುರಿದಷ್ಟೂ ಇನ್ನೂ ಕೆಟ್ಟಿತು. ಆದರೂ ಅಚ್ಚಿಗೆ ಹೊಯ್ದು ನೋಡಿದ ರಾಡಿಯಿಂದ ಎದ್ದ ಕ್ಯಾಂಡಲ್‌ಗಳೆಲ್ಲ ಗಂಟುಗಂಟು. ಟ್ಯಾಂಕಿನದನ್ನೆಲ್ಲ ಹಿತ್ತಲ ಹೊಂಡಕ್ಕೆ ಬಿಟ್ಟರು. ನಾನು ಬಾಯಿ ಬಿಟ್ಟಿಲ್ಲ.

ಜ್ವರ ಇಳಿಯಿತೆ? ಅದೊಂದನ್ನು ಬೇಗ ಬರೆಯಿರಿ. ಬೇರೆ ಏನನ್ನೂ ಬರೆಯಬೇಡಿ, ಅದೊಂದೇ ಸಾಕು.

ಅವೆರೊ

*

ಓಕೆ-ಅಮೊ
20 ಮಾರ್ಚ್ 1988

ಅವೆರೊ,

ಜ್ವರ ಇಳೀತು. ನೀನು ಉಣಿಸಿದೆ, ಅದು ಬಿಡ್ತು. ನಾನು ಹೇಳ್ಲಿಲ್ವಾ?

ಮಗು ಮನೆಗೆ ಬಂದಿದೆ. ತಿನ್ನುತ್ತೆ, ಆಡುತ್ತೆ, ಮುಂದಿನ ಎರಡು ಹಲ್ಲು ಬಿದ್ದಿದೆ. ನಡೆಯೋವಾಗ ಸ್ವಲ್ಪ ವಾಲ್ತಾಳೆ, ಸರಿಹೋಗುತ್ತೆ. ಹಠ ಮಾತ್ರ ಜಾಸ್ತಿ ಆಗಿದೆ. ಕರೆದ್ರೆ ತಿರುಗಿ ನೋಡಲ್ಲ. ಕಾಯಿಲೆ ಬಿದ್ದ ಮಕ್ಕಳು ಹಂಗೇ. ನಿನ್ನ ಕಾಗದ ಅಲ್ಫಾ ಓದ್ತಾ ಇದ್ರೆ ಎದ್ದು ಆಟಕ್ಕೆ ಹೋಗ್ತಾಳೆ. ಮಕ್ಕಳಿಗೆ ಕಾಗದ ಯಾಕೆ ಬೇಕು? ದೊಡ್ಡದು ಮಾಡ್ಕೋಬೇಡ.

ನಿನಗೆ ಅಲ್ಲಿ ಕೆಲಸ ಇದೆ. ಕೆಲಸ ನೋಡ್ಕೋ. ಬರೋ ಅವಸರ ಇಲ್ಲ.

ಈ ಸಲ ಅಲ್ಫಾ ತನ್ನದೇನೂ ಸೇರಿಸ್ಬಾರ್ದು ಅಂತ ಹೇಳಿದೀನಿ.

ಅಸಾಬಿ

*

ಕಡೂನಾ
10 ಏಪ್ರಿಲ್ 1988

ಈಯಾ,

ಮಗು ಉಳಿಯಿತು. ದೇವರು ದೊಡ್ಡವನು.

ಈಗ ನನ್ನ ಸುದ್ದಿ ಕೇಳಿ. ಟ್ಯಾಂಕಿನಲ್ಲಿ ಹುಳಿವಾಸನೆ ಬಂದದ್ದನ್ನು ಮಲ್ಲಂ ಹಿಡಿದುಬಿಟ್ಟರು. ದಿನಾ ಗೇಟಿನ ಬಳಿ ಗಂಜಿ ಕುಡಿಯುವುದು ಲಾರಾಬಾ, ತಪ್ಪು ಅವಳ ತಲೆಗೆ ಕಟ್ಟಿದರು. ಆ ಹೆಂಗಸು ಕೈ ಆಡಿಸಿ ಆಡಿಸಿ ನಾನಲ್ಲ ನಾನಲ್ಲ ಅನ್ನುತ್ತಿದ್ದಳು, ಯಾರೂ ನೋಡುತ್ತಿರಲಿಲ್ಲ. ನನಗೆ ಸಹಿಸಲಾಗಲಿಲ್ಲ, ಹೋಗಿ ಹೇಳಿದೆ. ಮಲ್ಲಂ, “ತಲೆ ಇಲ್ದೋರು ಮಾಡಿದ್ರೆ ಕ್ಷಮಿಸ್ಬಹುದಿತ್ತು. ನಿಂಗೆ ಗೊತ್ತಿತ್ತಲ್ಲೇ!” ಅಂದರು. ರಾಡಿ ಟ್ಯಾಂಕಿನಿಂದ ತೆಗೆದುಹಾಕಿದ್ದಾರೆ. ಈಗ ನಾನು ಹಿತ್ತಲ ಹೊಂಡ ಬಳಿಯುವವಳು. ಖಾಯಂ ಇಲ್ಲ, ಕೋಣೆ ಇಲ್ಲ.

ನಾನು ರಾತ್ರಿಹಗಲು ಯೋಚಿಸಿದ್ದೇನೆ. ಜ್ವರ ಇಷ್ಟು ಸುಲಭವಾಗಿ ಇಳಿಯಿತೆ? ಕತ್ತು ಬಗ್ಗದ ಮಗು ಇಷ್ಟು ಬೇಗ ಆಟಕ್ಕೆ ಹೋಯಿತೆ? ನೀವು ನನ್ನ ಕೈಯಿಂದಲೇ ಆಗಬೇಕು ಅಂದದ್ದು ಯಾಕೆ? ನನ್ನ ಕೈಯಿಂದಲೇ ನನ್ನ ಕೋಣೆಯನ್ನು ಕೆಡಿಸಿಕೊಳ್ಳಲಿ ಎಂದೆ? ಹುಳಿ ಬಿದ್ದರೆ ರಾಡಿ ಏನಾಗುತ್ತದೆಂದು ನಾನೇ ನಿಮಗೆ ಬರೆದು ತಿಳಿಸಿದ್ದೆನಲ್ಲ.

ಇನ್ನೊಂದು. ನನ್ನ ಪತ್ರ ಓದುವಾಗ ಅಬೆನಿ ಎದ್ದು ಹೋಗುತ್ತಾಳಂತೆ. ಆರು ವರ್ಷದ ಮಗುವಿಗೆ ಅದನ್ನು ಯಾರು ಹೇಳಿಕೊಟ್ಟರು? ಅಮ್ಮ ನಿನ್ನನ್ನು ಬಿಟ್ಟುಹೋದಳು ಅಂದಿರಾ? ಬಾಯಿಪಾಠ ಮಾಡಿಕೊಂಡಿದ್ದ ಮಗು! ನಿಮ್ಮ ಹೊಟ್ಟೆ ತಣ್ಣಗಾಗಿರಬೇಕು.

ಅಬೆನಿ, ಅಮ್ಮ ಬರುತ್ತಾಳೆ. ಅಲ್ಫಾ, ಅವಳು ಓಡಿಹೋದರೆ ಹಿಂದೆಯೇ ಹೋಗಿಯಾದರೂ ಈ ಒಂದು ಸಾಲನ್ನು ಅವಳಿಗೆ ಕೇಳಿಸಿ.

ಅವೆರೊ

*

ಓಕೆ-ಅಮೊ
8 ಮೇ 1988

ಅವೆರೊ,

ಓದಿಸ್ಕೊಂಡೆ. ಹಾಗೇ ಅಂದ್ಕೋ.

ಮಗು ನನ್ನ ಜೊತೆ ಮಡಕೆ ಹತ್ರ ಕೂತಿರ್ತಾಳೆ. ನಾನು ಹಲಗೇಲಿ ಬಡೀವಾಗ ಮಡಕೆ ಮೇಲೆ ಅಂಗೈ ಇಟ್ಕೊಂಡು ಇರ್ತಾಳೆ, ಎಲ್ಲಿ ದಪ್ಪ ಎಲ್ಲಿ ತೆಳು ಅಂತ ಬೆರಳಲ್ಲೇ ತೋರಿಸ್ತಾಳೆ. ಗಲಾಟೆ ಇಲ್ಲ. ಈ ಮನೇಲಿ ಈಗ ಗಲಾಟೆ ಅನ್ನೋದೇ ಇಲ್ಲ.

ಅಸಾಬಿ

ಸೇರ್ಪಡೆ: ನಿನ್ನ ಸಾಲನ್ನು ಹಿಂದೆಯೇ ಹೋಗಿ ಓದಿದೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನಿನ್ನ ಅತ್ತೆಯ ಮೇಲೆ ಕೋಪ ಮಾಡಬೇಡ ಮಗಳೇ. ಜಿಮೊ.

*

ಕಡೂನಾ
19 ಜೂನ್ 1988

ಈಯಾ, ನಮಸ್ಕಾರ.

ಈ ಸಲ ಒಳ್ಳೆಯ ಸುದ್ದಿ. ಹಿತ್ತಲ ಹೊಂಡ ಬಳಿಯುತ್ತಿದ್ದೆನಲ್ಲ, ಅಲ್ಲಿ ನನ್ನ ಕೆಟ್ಟ ರಾಡಿಯೇ ಬಿದ್ದಿತ್ತು. ಸಲಿಕೆಯಲ್ಲಿ ಎತ್ತುವಾಗ ಕೈಗೆ ಬೇರೆಯೇ ಅನ್ನಿಸಿತು. ಒಂದಷ್ಟನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲು ಹೇರಿದೆ. ನೀರೆಲ್ಲ ಬಸಿದ ಮೇಲೆ ಉಳಿದದ್ದು ಎಂಥ ಮಣ್ಣು ಅಂತೀರಿ! ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ನಿಲ್ಲುತ್ತದೆ, ಅಂಚು ಸೀಳುವುದಿಲ್ಲ. ಹರಿಯುವುದಕ್ಕೆ ಕೆಟ್ಟದ್ದು, ಕೈಯಲ್ಲಿ ಹಿಡಿದು ತಿದ್ದುವುದಕ್ಕೆ ಸರಿಯಾಗಿತ್ತು.

ಕಂಬದ ದೊಡ್ಡ ಪಿಂಗಾಣಿ ಬಟ್ಟಲುಗಳು ಇಡೀ ವರ್ಷ ಒಣಗುವಾಗ ಬಿರಿಯುತ್ತಿದ್ದವು. ಮಲ್ಲಂಗೆ ಒಂದು ಉಂಡೆ ಕೊಟ್ಟೆ. ಹಿಸುಕಿ ನೋಡಿದರು, ಮೂಸಿ ನೋಡಿದರು. “ಹುಳಿ ಹಾಕಿದ್ರೆ ಕಣ ಕೂಡುತ್ತೆ ಅಂತ ನಂಗೂ ಗೊತ್ತು ಕಣಮ್ಮ. ಬಕೆಟ್ ಲೆಕ್ಕದಲ್ಲಿ ಹೊಯ್ಯೋ ಧೈರ್ಯ ಇರ್ಲಿಲ್ಲ ಅಷ್ಟೆ” ಎಂದು ಬೈದರೋ ಹೊಗಳಿದರೋ ತಿಳಿಯಲಿಲ್ಲ. ಈಗ ಅವರು ವಿನೆಗರ್ ತೂಗಿ ಹಾಕುತ್ತಾರೆ, ನಾನು ಬಟ್ಟೆಯ ಒತ್ತಿನಲ್ಲಿ ನೀರು ಬಸಿದು ಮಣ್ಣಿನ ಉಂಡೆ ಕಟ್ಟುತ್ತೇನೆ. ಬಟ್ಟಲು ಬಿರಿಯುವುದು ನಿಂತಿದೆ.

ನನ್ನನ್ನು ಖಾಯಂ ಮಾಡಿದರು. ಕೋಣೆಯ ಬೀಗದ ಕೈ ಈಗ ನನ್ನ ಸೆರಗಿನಲ್ಲಿದೆ.

ಹಿಂದಿನ ಪತ್ರದಲ್ಲಿ ನಾಲಗೆ ಉದ್ದ ಬಿಟ್ಟೆ. ಬೇಸರವಿದೆ, ಆದರೆ ಪೂರ್ತಿ ತಪ್ಪೆಂದು ಇನ್ನೂ ಅನ್ನಿಸಿಲ್ಲ. ಜುಲೈ ಕೊನೆಗೆ ರಜೆ ಕೊಟ್ಟಿದ್ದಾರೆ. ಬಂದು ಅಬೆನಿಯನ್ನು ಕರೆದುಕೊಂಡು ಹೋಗುತ್ತೇನೆ. ಅವಳ ಬಟ್ಟೆ ಒಗೆದಿಡಿ. ಅವಳು ನನ್ನೊಡನೆ ಮಾತಾಡದಿದ್ದರೂ ಚಿಂತೆಯಿಲ್ಲ, ದಾರಿಯಲ್ಲಿ ಸರಿಮಾಡಿಕೊಳ್ಳುತ್ತೇನೆ.

ಅವೆರೊ

*

ಓಕೆ-ಅಮೊ
3 ಜುಲೈ 1988

ಅವೆರೊ,

ಬರ್ಬೇಡ.

ಬರೀಬೇಡ ಅಲ್ಫಾ, ಹೊಡೆದುಹಾಕು ಅದನ್ನ. ಇಲ್ಲ, ಇರ್ಲಿ ಬಿಡು.

ಅವೆರೊ, ಅವಳಿಗೆ ಕಿವಿ ಕೇಳಲ್ಲ.

ಜ್ವರ ಇಳಿದ ದಿನದಿಂದ ಕೇಳಿಲ್ಲ. ಮೊದ್ಲು ಹಠ ಅಂದ್ಕೊಂಡೆ, ನನ್ನಾಣೆ. ಹಿಂದೆ ನಿಂತು ಹಲಗೇನ ನೆಲಕ್ಕೆ ಬಡಿದೆ. ಬೆಚ್ಚಲಿಲ್ಲ. ಆಸ್ಪತ್ರೆಯೋರೂ ನೋಡಿದ್ರು. ಜ್ವರ ತಲೆಗೆ ಏರಿದ್ರೆ ಹೀಗಾಗುತ್ತಂತೆ, ತಿರುಗಿ ಬರಲ್ಲವಂತೆ. ಮಾತೂ ಒಂದೊಂದೇ ಬಿಟ್ಟುಹೋಗ್ತಿದೆ. ನಿನ್ನ ಕಾಗದ ಓದೋವಾಗ ಎದ್ದು ಹೋಗ್ತಾಳೆ ಅಂತ ಬರೆಸಿದ್ದು ಅದಕ್ಕೇ. ಅಲ್ಫಾನ ಬಾಯಿ ಸುಮ್ನೆ ಆಡ್ತಿದ್ರೆ ಎಷ್ಟು ಹೊತ್ತು ಕೂರ್ತಾಳೆ ಪಾಪ? ಯಾರೂ ಏನೂ ಹೇಳಿಕೊಡ್ಲಿಲ್ಲ ಕಣೆ ಅವಳಿಗೆ.

ನಾನು ನಿಂಗೆ ಹೇಳ್ಲಿಲ್ಲ. ಹೇಳಿದ್ರೆ ಓಡಿ ಬರ್ತೀಯ, ದೊಡ್ಡ ಆಸ್ಪತ್ರೆ ದೊಡ್ಡ ಊರು ಅಂತ ಹೊತ್ಕೊಂಡು ಹೋಗ್ತೀಯ. ಕೆಲಸ ಕೆಡಿಸೋಕೆ ಮಾಡಿದೆ ಅಂತ ನೀನು ಬರೆದಾಗ್ಲೂ ಹೇಳ್ಲಿಲ್ಲ. ನೀನು ನನ್ನ ಬೈದ್ರೆ ಬೈಕೋ, ಮಗು ನನ್ನ ಹತ್ರ ಉಳಿಯುತ್ತಲ್ಲ ಅಂತ ಸುಮ್ನಿದ್ದೆ.

ಈಗ ನೀನೇ ಯೋಚ್ನೆ ಮಾಡು. ಅವಳಪ್ಪಂಗೆ ಎರಡು ಕಿವೀನೂ ಚೆನ್ನಾಗಿತ್ತು, ಆದ್ರೂ ಲಾರಿ ಬಿಡ್ಲಿಲ್ಲ. ಇವಳಿಗೆ ಹಿಂದಿಂದ ಬರೋ ಲಾರಿ ಗೊತ್ತಾಗುತ್ತಾ? ಇಲ್ಲಿ ಎಲ್ಲರಿಗೂ ಅವಳು ಗೊತ್ತು. ನಾಯಿಗೂ ಗೊತ್ತು. ಮಣ್ಣು ಅವಳ ಜೊತೆ ಕೈಯಲ್ಲೇ ಮಾತಾಡುತ್ತೆ. ನನಗೆ ಬಿಟ್ಟುಬಿಡು ಅವಳನ್ನ. ನಾನು ಯಾವತ್ತೂ ನಿನ್ನ ಹತ್ರ ಏನೂ ಬೇಡಿಲ್ಲ, ಒಂದು ಬಟ್ಟಲು ಹುಳಿನೀರು ಬಿಟ್ರೆ. ಇದೊಂದು ಬೇಡ್ತೀನಿ.

ಸಾಕು ಅಲ್ಫಾ, ಮಡಚು.

ತಡಿ, ಮಡಚಬೇಡ. ಇದನ್ನ ಹೇಳ್ಬಾರ್ದು ಅಂತಿದ್ದೆ. ಬರಿ.

ದಿನಾ ಸಂಜೆ ಅವಳು ರಸ್ತೆಗೆ ಹೋಗ್ತಾಳೆ, ನಾನೂ ಹಿಂದೆ ಹೋಗ್ತೀನಿ. ನೀನು ಬಸ್ ಹತ್ತಿದ್ಯಲ್ಲ, ಆ ಬೇವಿನಮರದ ಕೆಳಗೆ. ಬಸ್ ನಿಲ್ಲುತ್ತೆ, ಜನ ಇಳೀತಾರೆ. ಅವಳು ಬಸ್ಸಿಗೆ ಎದುರಾಗಿ ನಿಂತು ಎದೆ ತಟ್ಕೊಳ್ತಾಳೆ. ಎರಡು ಸಲ. ಆಮೇಲೆ ನನ್ನ ಕಡೆ ತಿರುಗಿ ನೋಡ್ತಾಳೆ. ನಂಗೆ ಅದರ ಅರ್ಥ ಗೊತ್ತು. ಏನನ್ನ ತಾ ಅಂತಾಳೆ ಅನ್ನೋದೂ ಗೊತ್ತು. ನಾನು ಮುಷ್ಟಿ ಎತ್ತಿಲ್ಲ ಅವೆರೊ. ಒಂದು ದಿನಾನೂ ಎತ್ತಿಲ್ಲ. ಎತ್ತಿದ್ರೆ ತಂದುಕೊಡಬೇಕಲ್ಲ. ನನ್ನ ಕೈ ಮಡಿಲಲ್ಲಿ ಇಟ್ಕೊಂಡು ಕೂತಿರ್ತೀನಿ. ಅವಳು ಸುಮಾರು ಹೊತ್ತು ನೋಡ್ತಾಳೆ, ಆಮೇಲೆ ಮನೆಗೆ ನಡೀತಾಳೆ.

ಅಸಾಬಿ

ಸೇರ್ಪಡೆ: ಇದನ್ನು ಹೇಳುವಾಗ ಆಕೆ ಅತ್ತಳು. ಅದನ್ನು ಬರೆಯಬೇಡವೆಂದಳು. ಬರೆದಿದ್ದೇನೆ. ಜಿಮೊ.

*

ಕಡೂನಾ
14 ಜುಲೈ 1988

ಈಯಾ,

ಅಂಚೆಗೆ ಹಾಕಿದರೆ ತಡವಾಗುತ್ತದೆಂದು ನಿಮ್ಮೂರ ಮೇಲೆ ಇಲೊರಿನ್ ಕಡೆ ಹೊರಟ ಡ್ರೈವರ್ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಅವನು ನಿಮ್ಮ ಬಾಗಿಲಿಗೇ ತಂದುಕೊಡುತ್ತಾನೆ.

ನಿಮ್ಮ ಪತ್ರವನ್ನು ಗಿರಣಿಮನೆಯಲ್ಲಿ ನಿಂತು ಓದಿದೆ. ಅಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ. ನಾನು ಬರೆದ ಮಾತುಗಳು ನೆನಪಾಗಿ ನಾಲಗೆ ಕಿತ್ತುಕೊಳ್ಳುವಂತಾಯಿತು. ಅಮ್ಮ ಬರುತ್ತಾಳೆ ಎಂಬ ಸಾಲನ್ನು ಕೇಳಿಸಿ ಅಂದಿದ್ದೆನಲ್ಲ. ಅಲ್ಫಾ ಅವಳ ಹಿಂದೆ ಓಡುತ್ತಾ ಓದಿರಬೇಕು, ಅವಳು ತಿರುಗದೆ ನಡೆದಿರಬೇಕು. ಆ ಚಿತ್ರ ಕಣ್ಣಿಂದ ಹೋಗುತ್ತಿಲ್ಲ. ನಿಮ್ಮ ಮೇಲೆ ಸಿಟ್ಟೂ ಇದೆ. ಐದು ತಿಂಗಳು ನನ್ನ ಮಗು ಏನೂ ಕೇಳದೆ ಇದ್ದಳು, ನನಗೆ ಗೊತ್ತಿರಲಿಲ್ಲ. ಅದನ್ನು ನಾನು ಮರೆಯಲಾರೆ. ನಿಮ್ಮನ್ನು ದ್ವೇಷಿಸಲೂ ಆರೆ.

ಲಾರಾಬಾ ಬಂದು ಭುಜ ಹಿಡಿದಳು. ಕೈಯಲ್ಲೇ ಎಲ್ಲವನ್ನೂ ಹೇಳಿದೆ. ಅವಳು ತನ್ನ ಎರಡೂ ಕಿವಿ ಮುಟ್ಟಿಕೊಂಡು, ತಲೆಯಾಡಿಸಿ, ಸುತ್ತ ಇದ್ದವರನ್ನೆಲ್ಲ ಒಬ್ಬೊಬ್ಬರಾಗಿ ತೋರಿಸಿದಳು. ಇಲ್ಲಿ ಯಾರಿಗೆ ಕೇಳುತ್ತದೆ, ಎಂದಳು. ನನ್ನ ಕೋಣೆ ಇರುವುದು ಗಿರಣಿಮನೆಯ ಹಿಂದೆ, ಗೋಡೆಯ ಒಳಗೆ. ಅತ್ತ ಲಾರಿ ಬರುವುದಿಲ್ಲ. ಆದರೂ ಭಯವಿದೆ, ಇಲ್ಲವೆಂದು ಸುಳ್ಳು ಹೇಳಲಾರೆ.

ಅವಳನ್ನು ಕರೆದುಕೊಂಡು ಬರುತ್ತೇನೆ ಈಯಾ. ನಿಮ್ಮ ಮನೆ ಬರಿದಾಗುತ್ತದೆ, ಗೊತ್ತು. ನನಗೆ ಬೇರೆ ದಾರಿ ಕಾಣುತ್ತಿಲ್ಲ. ಅವಳು ನನ್ನನ್ನು ಕೇಳಿದ್ದಾಳೆ. ಅವಳಿಗೆ ಉಳಿದಿರುವ ಒಂದೇ ಮಾತಿನಲ್ಲಿ ಕೇಳಿದ್ದಾಳೆ.

ಇದೇ 29ರ ಶುಕ್ರವಾರ ಸಂಜೆಯ ಬಸ್ಸಿನಲ್ಲಿ ಇಳಿಯುತ್ತೇನೆ. ಅಲ್ಫಾ, ಇದನ್ನು ಹಿಡಿದು ಅಬೆನಿಯ ಹಿಂದೆ ಹೋಗಬೇಡಿ, ಈಯಾಗೆ ಮಾತ್ರ ಓದಿ, ನಿಧಾನವಾಗಿ.

ಈಯಾ, ಈ ಪತ್ರ ಕೈಸೇರಿದ ದಿನ ಸಂಜೆ ಯಾವಾಗಿನಂತೆ ಅವಳ ಜೊತೆ ಬೇವಿನಮರದ ಹತ್ತಿರ ಹೋಗಿ. ಅವಳು ಎದೆ ತಟ್ಟಿ ನಿಮ್ಮ ಕಡೆ ತಿರುಗಿದಾಗ ಮುಷ್ಟಿ ಎತ್ತಿ. ಅದನ್ನು ನೀವೇ ಎತ್ತಬೇಕು, ಬೇರೆ ಯಾರು ಎತ್ತಿದರೂ ಅವಳು ನಂಬುವುದಿಲ್ಲ. ಗಟ್ಟಿಯಾಗಿ ಹಿಡಿಯಿರಿ. ಸಡಿಲ ಇದ್ದರೆ ಅವಳು ಒಪ್ಪುವುದಿಲ್ಲವೆಂದು ನೀವೇ ಬರೆಸಿದ್ದಿರಿ.

ಅವೆರೊ